ಅಡ್ಡಗಾಳಿಗೊಂದು ಗೋಡೆ

ಕನ್ನಡಿಯಕ್ಕ ದಿನಾ ಬೆಳಿಗ್ಗೆ ಐದೂವರೆಗೆ ಮನೆ ಬಿಡುವ ಮುಂಚೆ ಗ್ಯಾಸ್ ಆರಿಸುತ್ತಿದ್ದಳು. ಅವಳು ಬಾಗಿಲ ಬಳಿ ಕೂತು ಬೂಟಿನ ದಾರ ಕಟ್ಟುವಷ್ಟರಲ್ಲಿ ಅತ್ತೆ ಅಡುಗೆಮನೆಗೆ ಹೋಗಿ ಅದೇ ಗ್ಯಾಸನ್ನು ಇನ್ನೊಂದು ಸಲ ನೋಡುತ್ತಿದ್ದರು. ನಾಬನ್ನು ಒತ್ತಿ ತಿರುಗಿಸುವುದು, ರೆಗ್ಯುಲೇಟರಿನ ಮೇಲೆ ಕೈಯಿಡುವುದು, ಮೂಗು ಮುಂದೆ ಮಾಡಿ ವಾಸನೆ ನೋಡುವುದು, ಎಲ್ಲ ಆದ ಮೇಲೆ ಹೊರಗೆ ಬಂದು ಒಂದು ಮಾತೂ ಆಡದೆ ಕುರ್ಚಿಯಲ್ಲಿ ಕೂರುವುದು. ಸರಿ ಇದೆ ಅಂತಲೂ ಇಲ್ಲ, ಸರಿ ಇಲ್ಲ ಅಂತಲೂ ಇಲ್ಲ. ಮದುವೆಯಾಗಿ ಇಪ್ಪತ್ತೇಳು ವರ್ಷ ಆಗಿತ್ತು. ಅಷ್ಟು ವರ್ಷದಲ್ಲಿ ಒಂದು ದಿನವೂ ಆ ಗ್ಯಾಸ್ ತೆರೆದಿರಲಿಲ್ಲ, ಒಂದು ದಿನವೂ ಅತ್ತೆ ನೋಡುವುದನ್ನು ಬಿಟ್ಟಿರಲಿಲ್ಲ.

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ನಿಮ್ಮಮ್ಮನಿಗೆ?" ಎಂದು ಹೊಸದರಲ್ಲಿ ಅವಳು ಗಂಡನನ್ನು ಕೇಳಿದ್ದುಂಟು. ಗಂಡ ಶಾಲೆಯ ವ್ಯಾನ್ ಓಡಿಸುವವನು. ಹಿಂದೆ ಮೂವತ್ತು ಮಕ್ಕಳು ಕಿರುಚಿಕೊಳ್ಳುತ್ತಿದ್ದರೂ ಮುಂದಿನ ರಸ್ತೆಯನ್ನಷ್ಟೇ ನೋಡುವ ಅಭ್ಯಾಸ ಅವನಿಗೆ. ಅವತ್ತೂ ಎದುರಿನ ಗೋಡೆಯನ್ನೇ ನೋಡುತ್ತಾ "ಅಮ್ಮ ಇರೋದೇ ಹಾಗೆ" ಅಂದ. ಅಲ್ಲಿಗೆ ಆ ವಿಚಾರ ಮುಗಿಯಿತು.

ಕೆಲಸದ ಜಾಗದಲ್ಲಿ ಮಾತ್ರ ಅವಳ ಗತ್ತೇ ಬೇರೆ. ಅಲ್ಲಿ ಅವಳು ಮಾಡಿದ್ದನ್ನು ಇನ್ನೊಬ್ಬರು ನೋಡುವ ಹಾಗೇ ಇರಲಿಲ್ಲ.

ಆ ಜಾಗ ಎಂದರೆ ಯಾರೂ ಬಳಸದ ಹಳೆಯ ರನ್‌ವೇಯ ಕೊನೆಯಲ್ಲಿ, ತಗಡಿನ ಮಾಡಿನ ಒಂದು ಉದ್ದ ಕೊಠಡಿ. ಒಳಗೆ ಕಲ್ಲಿನ ಮೇಜು, ಮೇಜಿನ ಮೇಲೆ ಲೇಸರ್, ಲೇಸರಿನ ಮುಂದೆ ಕನ್ನಡಿಗಳು. ಹೊರಗೆ ಒಂದು ಕಂಬ, ಕಂಬದ ತುದಿಗೆ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ತೋರಿಸುವ ಬಟ್ಟೆಯ ಗಾಳಿಚೀಲ. ಕೆಲಸ ಹೇಳುವುದಕ್ಕೆ ಸುಲಭ: ಹಾರುವ ವಿಮಾನದ ಹೊಟ್ಟೆಗೆ ನೆಲದಿಂದ ಲೇಸರ್ ಕಿರಣ ಬಿಟ್ಟು, ಆ ಕಿರಣದಲ್ಲೇ ಸಂದೇಶ ಕಳಿಸಬೇಕು. ಅದಕ್ಕೆ ಎರಡು ಕಿಲೋಮೀಟರ್ ಆಚೆ ಸುತ್ತು ಹಾಕುವ ಪುಟ್ಟ ವಿಮಾನದ ಕೆಳಗೆ ಒಂದು ಹಲಗೆ ಕಟ್ಟಿದ್ದರು. ಹಲಗೆಯ ನಡುವೆ ಚಹಾ ಬಸಿಯಷ್ಟಗಲದ ಒಂದು ವೃತ್ತ. ಕಿರಣ ಆ ವೃತ್ತದೊಳಗೆ ಹತ್ತು ಸೆಕೆಂಡ್ ಅಲುಗದೆ ನಿಂತರೆ ಗೆದ್ದ ಹಾಗೆ.

ಸುಲಭಕ್ಕೆ ನಿಲ್ಲುತ್ತಿರಲಿಲ್ಲ. ಉರಿಯುವ ಒಲೆಯ ಮೇಲಿಂದ ನೋಡಿದರೆ ಆಚೆಯ ಗೋಡೆ ಕುಣಿದಂತೆ ಕಾಣುತ್ತದಲ್ಲ, ಬಿಸಿಲು ಬಿದ್ದ ನೆಲದ ಮೇಲೂ ಗಾಳಿ ಹಾಗೇ ಇರುತ್ತದೆ. ಅದರೊಳಗೆ ಹೊಕ್ಕ ಕಿರಣ ಕುಡಿದವನ ಹಾಗೆ ಅತ್ತಿತ್ತ ತೂರಾಡುತ್ತಾ ಹೋಗುತ್ತದೆ. ಅದಕ್ಕೆ ಮದ್ದು ಎಂದು ಒಂದು ಕನ್ನಡಿ ಇತ್ತು. ವಿಮಾನದಲ್ಲಿ ಉರಿಯುವ ದೀಪ ಎಷ್ಟು ಅಲುಗಿದಂತೆ ಕಾಣುತ್ತದೆ ಎಂದು ಒಂದು ಪೆಟ್ಟಿಗೆ ಅಳೆಯುವುದು, ಗಾಳಿ ಎಡಕ್ಕೆ ತಳ್ಳುತ್ತಿದ್ದರೆ ಈ ಕನ್ನಡಿ ಅಷ್ಟೇ ಬಲಕ್ಕೆ ಓರೆಯಾಗುವುದು, ಮೇಲಕ್ಕೆ ತಳ್ಳುತ್ತಿದ್ದರೆ ಕೆಳಕ್ಕೆ. ಸೆಕೆಂಡಿಗೆ ಸಾವಿರ ಸಲ. ಈ ಕನ್ನಡಿಯನ್ನು ಕೂರಿಸಿ, ತಂತಿ ಜೋಡಿಸಿ, ಒರೆಸಿ, ಮಗುವಿನ ಹಾಗೆ ನೋಡಿಕೊಳ್ಳುವವಳು ಕನ್ನಡಿಯಕ್ಕ. ಅವಳ ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

"ಇವತ್ತೇನು ಮಾಡಿದೆ?" ಎಂದು ಅತ್ತೆ ಸಂಜೆ ಕೇಳುವುದಿತ್ತು.

"ಬೆಳಕನ್ನ ಒಂದು ಕಡೆ ನಿಲ್ಲಿಸೋಕೆ ನೋಡಿದ್ವಿ."

"ನಿಲ್ತಾ?"

"ಇಲ್ಲ."

"ಮತ್ತೆ ಸಂಬಳ ಯಾಕೆ ಕೊಡ್ತಾರೆ?"

"ನಿಲ್ಲಲಿಲ್ಲ ಅಂತ ಬರ್ಕೊಳ್ಳೋದಕ್ಕೆ, ಅತ್ತೆ."

ಬರೆದುಕೊಳ್ಳುವುದಕ್ಕೆ ಒಂದು ದಪ್ಪ ಪುಸ್ತಕವೇ ಇತ್ತು. ಯಾರೇ ತಂತಿ ಜೋಡಿಸಲಿ, ತಿರುಪು ಬಿಗಿಯಲಿ, ಅದರಲ್ಲಿ ಎರಡು ಸಹಿ ಬೀಳಬೇಕು. 'ಮಾಡಿದವರು' ಎಂದು ಒಂದು ಕಂಬಸಾಲು, 'ನೋಡಿದವರು' ಎಂದು ಇನ್ನೊಂದು. ಮಾಡಿದವರೇ ನೋಡಿದವರಾಗುವಂತಿಲ್ಲ. ಹದಿನೈದು ವರ್ಷದ ಹಿಂದೆ, ಆಗಿನ ಮುಖ್ಯಸ್ಥರು ನಿವೃತ್ತರಾಗುವ ದಿನ ಎಲ್ಲರೆದುರಿಗೆ ಆ ಪುಸ್ತಕ ತರಿಸಿ, ಮೊದಲ ಪುಟದಲ್ಲಿ ಸ್ವಂತ ಕೈಯಿಂದ ಒಂದು ಸಾಲು ಬರೆದಿದ್ದರು: 'ಇವರ ಕೆಲಸಕ್ಕೆ ಎರಡನೇ ಕಣ್ಣು ಬೇಡ.' ಕೆಳಗೆ ಅಕ್ಕನ ಹೆಸರು. ಅವತ್ತಿನಿಂದ ಎರಡು ಸಹಿಯೂ ಅವಳದೇ. ನಿಯಮಕ್ಕೆ ಮರ್ಯಾದೆ ಇರಲಿ ಎಂದು 'ಮಾಡಿದವರು' ಕಂಬಸಾಲಿಗೆ ನೀಲಿ ಪೆನ್ನು, 'ನೋಡಿದವರು' ಕಂಬಸಾಲಿಗೆ ಕಪ್ಪು ಪೆನ್ನು ಬಳಸುತ್ತಿದ್ದಳು. ಎರಡೂ ಪೆನ್ನು ಅವಳ ಕೋಟಿನ ಜೇಬಿನಲ್ಲೇ ಇರುತ್ತಿದ್ದವು. ಜೀವನದಲ್ಲಿ ಅವಳಿಗೆ ಬಹುಮಾನ ಅಂತ ಸಿಕ್ಕಿದ್ದು ಆ ಒಂದು ಸಾಲು. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಆ ಸಾಲಿಗೆ ಚುಕ್ಕೆ ತಾಗದಂತೆ ಮನೆಗೆ ಹೋದರೆ ಸಾಕು ಎನ್ನುವುದು ಅವಳ ಆಸೆ. ಬೇರೆ ದೊಡ್ಡ ಆಸೆಗಳೇನೂ ಇರಲಿಲ್ಲ.

ಈಗಿನ ಮುಖ್ಯಸ್ಥೆ ಮೂವತ್ತಾರರ ಹೆಂಗಸು, ಡಾಕ್ಟರೇಟ್ ಮಾಡಿದವಳು. ಹಾಗಾಗಿ ಎಲ್ಲರ ಬಾಯಲ್ಲೂ ಡಾಕ್ಟ್ರಮ್ಮ. ಗೇಟಿನ ಕಾವಲುಗಾರ ಮಂಡಿನೋವಿಗೆ ಎರಡು ಸಲ ಅವಳ ಬಳಿ ಮಾತ್ರೆ ಕೇಳಿದ್ದ. ಎರಡನೇ ಸಲ ಅವಳು ಕೊಟ್ಟೂ ಇದ್ದಳು. ಹದಿಮೂರು ವರ್ಷದ ಹಿಂದೆ ತರಬೇತಿಗೆಂದು ಬಂದಾಗ ಇವಳು ಕನ್ನಡಿಯನ್ನು ತಟ್ಟೆ ಹಿಡಿದ ಹಾಗೆ ಅಂಗೈ ಊರಿ ಹಿಡಿದಿದ್ದಳು. ಅಕ್ಕ ಅವಳ ಕೈ ಮೇಲೆ ಒಂದು ಕೊಟ್ಟು, ಅಂಚು ಹಿಡಿಯುವುದನ್ನು ಕಲಿಸಿದ್ದಳು. ಹೊಸಬರಿಗೆಲ್ಲ ಮೊದಲ ದಿನ ಹೇಳುವ ಪಾಠವನ್ನೂ ಹೇಳಿದ್ದಳು: "ಕನ್ನಡಿ ಒಳಗೆ ಎಡ ಬಲ ಆಗುತ್ತೆ. ಇದು ಎಲ್ಲರಿಗೂ ಗೊತ್ತು, ಎಲ್ಲರೂ ಮರೀತಾರೆ. ನೀನು ಮರೀಬೇಡ." ಡಾಕ್ಟ್ರಮ್ಮ ಮರೆಯಲಿಲ್ಲ.

ಒಂಬತ್ತು ತಿಂಗಳ ಹಿಂದೆ ಹೊಸ ಕನ್ನಡಿ ಕೂರಿಸಿದ ಮೇಲೆ ಒಂದು ವಿಚಿತ್ರ ಶುರುವಾಗಿತ್ತು. ಕಿರಣ ಹಲಗೆಯ ಮೇಲೆ ಎಲ್ಲೆಲ್ಲಿ ಬಿತ್ತು ಎಂದು ಪರದೆಯ ಮೇಲೆ ಚುಕ್ಕೆಗಳು ಮೂಡುತ್ತವೆ. ಚುಕ್ಕೆಗಳ ಗುಂಪು ದುಂಡಗೆ ಇರಬೇಕು. ಇಲ್ಲಿ ನೋಡಿದರೆ ಅಡ್ಡಕ್ಕೆ ಮಲಗಿದ ಸೌತೆಕಾಯಿ. ಮೇಲೆ ಕೆಳಗೆ ಕಿರಣ ಹೆಚ್ಚು ಅಲುಗುತ್ತಲೇ ಇಲ್ಲ, ಎಡಬಲಕ್ಕೆ ಮಾತ್ರ ಓಲಾಡುತ್ತಿದೆ. ಪಕ್ಕದ ವಿಮಾನ ನಿಲ್ದಾಣದವರು ಹಾರಾಟಕ್ಕೆ ಅನುಮತಿ ಕೊಡುತ್ತಿದ್ದದ್ದು ಬೆಳಿಗ್ಗೆ ಆರೂವರೆಯಿಂದ ಏಳೂವರೆ. ನೆಲ ಕಾಯುವ ಮುಂಚಿನ, ಗಾಳಿ ತೂಕಡಿಸುವ ಹೊತ್ತು. ಅಲುಗಾಟವೇ ಕಡಿಮೆಯಾದ್ದರಿಂದ ಸೌತೆಕಾಯಿ ಹೇಗೋ ಬಸಿಯೊಳಗೆ ಹಿಡಿಸುತ್ತಿತ್ತು. ಕೆಲವು ದಿನ ಹತ್ತು ಸೆಕೆಂಡೂ ಆಗುತ್ತಿತ್ತು. ಚಪ್ಪಾಳೆಯೂ ಬೀಳುತ್ತಿತ್ತು.

"ಇದು ಅಡ್ಡಗಾಳಿ" ಎಂದಳು ಡಾಕ್ಟ್ರಮ್ಮ. "ನಮ್ಮ ಜಾಗದ್ದೇ ಗುಣ."

"ಗಾಳಿಚೀಲ ಜೋತುಬಿದ್ದಿದೆಯಲ್ಲ ಮೇಡಂ" ಎಂದ ಪೈಲಟ್. ಅವನು ಪುಟ್ಟ ವಿಮಾನವನ್ನು ನೆಲದ ಮೇಲೆ ಕುರ್ಚಿ ಹಾಕಿಕೊಂಡು ಹಾರಿಸುವವನು. ನಿಜವಾದ ವಿಮಾನ ಹತ್ತುವುದಕ್ಕೆ ಅವನಿಗೆ ಹೆದರಿಕೆ.

"ಚೀಲ ಇರೋದು ಕೆಳಗೆ. ಅಡ್ಡಗಾಳಿ ಬೀಸೋದು ಮೇಲೆ."

ಹೌದಲ್ಲ ಎಂದು ಎಲ್ಲರೂ ಮೇಲೆ ನೋಡಿದರು. ತಂತಿಯನ್ನು ಯಾರೂ ನೋಡಲಿಲ್ಲ. ತಂತಿ ಅಕ್ಕನದು, ಅದಕ್ಕೆ ಎರಡನೇ ಕಣ್ಣು ಬೇಡ. ಅಡ್ಡಗಾಳಿಯ ಮೇಲೆ ಡಾಕ್ಟ್ರಮ್ಮ ವರದಿಯಲ್ಲಿ ಒಂದು ಅಧ್ಯಾಯ ಬರೆದಳು. ನಾಲ್ಕನೇ ಅಧ್ಯಾಯ, ಮೂವತ್ತೆರಡು ಪುಟ, ಹನ್ನೊಂದು ನಕ್ಷೆ. ಕೊನೆಯಲ್ಲಿ ಒಂದು ಶಿಫಾರಸು: ಈ ಗಾಳಿಯನ್ನು ತಡೆಯಲು ನಲವತ್ತು ಅಡಿ ಎತ್ತರ, ಇನ್ನೂರು ಅಡಿ ಉದ್ದದ ಒಂದು ಗೋಡೆ ಕಟ್ಟಿಸಬೇಕು. ಮೇಲಿನವರಿಗೆ ಗೋಡೆ ಎಂದರೆ ಬೇಗ ಅರ್ಥವಾಗುತ್ತದೆ. ಗುತ್ತಿಗೆದಾರ ಆಗಲೇ ಮೂರು ಬಗೆಯ ಇಟ್ಟಿಗೆಯನ್ನು ಮಾದರಿಗೆಂದು ತಂದು ಡಾಕ್ಟ್ರಮ್ಮನ ಮೇಜಿನ ಮೇಲಿಟ್ಟು ಹೋಗಿದ್ದ.

ಅಷ್ಟರಲ್ಲಿ ಪರಿಶೀಲನಾ ಸಮಿತಿಯ ಪತ್ರ ಬಂತು. ಗುರುವಾರ ಬರುತ್ತೇವೆ, ಪರೀಕ್ಷೆ ನಡುಮಧ್ಯಾಹ್ನ ಆಗಬೇಕು, ಹಾರಾಟದ ಅನುಮತಿ ನಾವೇ ಕೊಡಿಸಿದ್ದೇವೆ, ವಿಮಾನಗಳು ಹಾರುವುದು ಬೆಳಗಿನ ಜಾವ ಮಾತ್ರವಲ್ಲ. ಹತ್ತು ಸೆಕೆಂಡ್ ನಿಲ್ಲದಿದ್ದರೆ ಈ ವಿಭಾಗ ಮುಚ್ಚಲಾಗುವುದು.

ಸೋಮವಾರ ಮೊದಲ ಸಲ ಮಧ್ಯಾಹ್ನ ಹನ್ನೆರಡಕ್ಕೆ ಪ್ರಯೋಗ ಮಾಡಿದರು. ಸೌತೆಕಾಯಿ ಪರದೆಯ ಈ ತುದಿಯಿಂದ ಆ ತುದಿಗೆ ಬೆಳೆಯಿತು. ಎರಡು ಸೆಕೆಂಡೂ ಕಿರಣ ಬಸಿಯಲ್ಲಿ ನಿಲ್ಲಲಿಲ್ಲ. ಡಾಕ್ಟ್ರಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ಪೈಲಟ್, ವಿಮಾನವನ್ನು ತನ್ನಷ್ಟಕ್ಕೆ ಸುತ್ತಲು ಬಿಟ್ಟು, ಇಂಥ ಹೊತ್ತಿನಲ್ಲಿ ಚಹಾ ಒಳ್ಳೆಯದು ಎಂದುಕೊಂಡು, ಚುಚ್ಚಬಾರದ ಪ್ಲಗ್ಗಿಗೆ ಚಹಾದ ಕೆಟಲ್ ಚುಚ್ಚಿದ. ಟಪ್ ಎಂದಿತು.

"ಅಯ್ಯೋ, ನೋಡಿ ನೋಡಿ!" ಎಂದು ಡಾಕ್ಟ್ರಮ್ಮ ಎದ್ದು ನಿಂತಳು.

ಪರದೆಯ ಮೇಲೆ ಚುಕ್ಕೆಗಳ ಆಕಾರವೇ ಬದಲಾಗಿತ್ತು. ಎತ್ತರ ಸ್ವಲ್ಪ ಹೆಚ್ಚಿ, ಅಗಲ ಅರ್ಧಕ್ಕರ್ಧ ಇಳಿದು, ಸೌತೆಕಾಯಿ ಹೋಗಿ ಕುಂಬಳಕಾಯಿ ಬಂದಿತ್ತು. "ಅಡ್ಡಗಾಳಿ ಬಿತ್ತು! ಬಿತ್ತು!" ಎಂದಳು. ಪೈಲಟ್ ಕೆಟಲ್ಲನ್ನು ಕುರ್ಚಿಯ ಹಿಂದೆ ಬಚ್ಚಿಟ್ಟು, ಹೌದು ಹೌದು ಎಂದು ಆಕಾಶ ನೋಡಿದ.

ಅಕ್ಕ ಆಕಾಶ ನೋಡಲಿಲ್ಲ. ಅವಳು ನೋಡಿದ್ದು ಕನ್ನಡಿಯ ಪಕ್ಕದ ಪುಟ್ಟ ಹಸಿರು ದೀಪವನ್ನು. ಅದು ಆರಿತ್ತು. ಕೆಟಲ್ಲಿನ ದೆಸೆಯಿಂದ ಕನ್ನಡಿಗೆ ಕರೆಂಟೇ ಇರಲಿಲ್ಲ. ಕನ್ನಡಿ ಕೆಲಸ ಮಾಡುವಾಗ ಕಿರಣ ಹೆಚ್ಚು ಓಲಾಡುತ್ತದೆ, ಕನ್ನಡಿ ಸತ್ತಾಗ ಕಡಿಮೆ ಓಲಾಡುತ್ತದೆ. ಹಾಗಂದರೆ ಗಾಳಿ ಎಡಕ್ಕೆ ತಳ್ಳಿದಾಗ ಕನ್ನಡಿಯೂ ಎಡಕ್ಕೇ ತಳ್ಳುತ್ತಿದೆ. ಬೀಳುವವನನ್ನು ಹಿಡಿಯುವ ಬದಲು ಹಿಂದಿನಿಂದ ಇನ್ನೊಂದು ನೂಕು ಕೊಡುತ್ತಿದೆ.

ಎಲ್ಲರೂ ಊಟಕ್ಕೆ ಹೋಗುವ ತನಕ ಕಾದಳು. ಆಮೇಲೆ ಟಾರ್ಚ್ ಹಿಡಿದು ಕನ್ನಡಿಯ ಪೆಟ್ಟಿಗೆಯ ಹಿಂದೆ ಕೈ ತೂರಿಸಿದಳು. ಪೆಟ್ಟಿಗೆಗೂ ಗೋಡೆಗೂ ನಡುವೆ ಒಂದು ಗೇಣು ಜಾಗ. ತೊಂಬತ್ತು ಕಿಲೋ ಪೆಟ್ಟಿಗೆ, ಒಂದಂಗುಲ ಸರಿಸಿದರೂ ಮತ್ತೆ ಸಾಲು ಹೊಂದಿಸಲು ಎರಡು ದಿನ ಬೇಕು. ಅದಕ್ಕೇ ಒಂಬತ್ತು ತಿಂಗಳ ಹಿಂದೆ ಅವಳು ಅದನ್ನು ಸರಿಸದೆ, ಹಲ್ಲಿನ ವೈದ್ಯರು ಬಾಯೊಳಗೆ ಹಾಕುವ ಪುಟ್ಟ ಕನ್ನಡಿಯನ್ನು ಹಿಂದೆ ಹಿಡಿದು, ಅದರಲ್ಲಿ ನೋಡುತ್ತಾ ತಂತಿ ಜೋಡಿಸಿದ್ದಳು. ಮೇಲೆ-ಕೆಳಗಿನ ತಂತಿಗಳ ತಿರುಪು ಒಂದರ ಮೇಲೊಂದು ಇದ್ದವು. ಕನ್ನಡಿ ಮೇಲು ಕೆಳಗು ಮಾಡುವುದಿಲ್ಲ, ಅವು ಸರಿಯಾಗಿ ಕೂತವು. ಎಡ-ಬಲದ್ದು ಅಕ್ಕಪಕ್ಕ ಇದ್ದವು. ನಕ್ಷೆಯಲ್ಲಿ ಮೂರನೇ ತಂತಿ ಎಡಕ್ಕೆ, ನಾಲ್ಕನೆಯದು ಬಲಕ್ಕೆ. ಪುಟ್ಟ ಕನ್ನಡಿಯಲ್ಲಿ ಎಡ ಕಂಡ ಕಡೆಗೆ ಅವಳು ಮೂರನೆಯದನ್ನು ಬಿಗಿದಿದ್ದಳು. ಕೊನೆಗೆ ಕನ್ನಡಿ ಅಲುಗುತ್ತದೆಯೇ ಎಂದು ನೋಡಿದ್ದಳು. ಅಲುಗಿತ್ತು. ಯಾವ ಕಡೆಗೆ ಎಂದು ನೋಡಿರಲಿಲ್ಲ. ನೀಲಿ ಪೆನ್ನಲ್ಲಿ ಒಂದು, ಕಪ್ಪು ಪೆನ್ನಲ್ಲಿ ಒಂದು ಸಹಿ ಹಾಕಿ ಮನೆಗೆ ಹೋಗಿದ್ದಳು.

ಎಡ ಬಲ ಆಗುತ್ತೆ. ಎಲ್ಲರೂ ಮರೀತಾರೆ. ನೀನು ಮರೀಬೇಡ. ಅವಳಿಗೆ ನೆಲ ಬಿರುಕು ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ನೆಲ ಸಿಮೆಂಟಿನದು, ಬಿಡಲಿಲ್ಲ.

ಎರಡು ತಿರುಪು. ಅಷ್ಟೇ. ಸಡಿಲಿಸಿ ಅದಲು ಬದಲು ಮಾಡಿ ಬಿಗಿಯಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಹೋಗಿದ್ದ ಕರೆಂಟನ್ನೂ ಕನ್ನಡಿಗೆ ಮತ್ತೆ ಕೊಟ್ಟಳು. ಈ ಸಲ ಪುಸ್ತಕದಲ್ಲಿ ಬರೆಯಲಿಲ್ಲ.

ಊಟ ಮುಗಿಸಿ ಬಂದವರು ಇನ್ನೊಮ್ಮೆ ಪ್ರಯೋಗ ಮಾಡಿದರು. ಉರಿಬಿಸಿಲಿನಲ್ಲಿ, ಒಂದೂವರೆ ಗಂಟೆಗೆ, ಕಿರಣ ಬಸಿಯೊಳಗೆ ಹದಿಮೂರು ಸೆಕೆಂಡ್ ನಿಂತಿತು. ಚುಕ್ಕೆಗಳ ಗುಂಪು ನಿಂಬೆಹಣ್ಣಿನಷ್ಟು, ದುಂಡಗೆ. ಪೈಲಟ್ ಕುಣಿದ. ಡಾಕ್ಟ್ರಮ್ಮ ಅಕ್ಕನನ್ನು ತಬ್ಬಿಕೊಂಡೇಬಿಟ್ಟಳು.

"ನೋಡಿದ್ರಾ ಅಕ್ಕಾ? ಅಡ್ಡಗಾಳಿ ಇಲ್ಲದಿದ್ರೆ ನಮ್ಮ ಕನ್ನಡಿ ಹೇಗಿದೆ ಅಂತ! ಗೋಡೆ ಒಂದು ಎದ್ದುಬಿಡಲಿ, ದಿನಾ ಹೀಗೇ."

ಆಗ ಹೇಳಬಹುದಿತ್ತು. ಬಾಯಿ ತೆರೆದಳು ಕೂಡ. "ಹೌದಮ್ಮ" ಎಂಬ ಮಾತು ಹೊರಗೆ ಬಂತು.

ಮಂಗಳವಾರ, ಬುಧವಾರ ಅವಳು ತನ್ನೊಳಗೇ ವಾದ ಹೂಡಿದಳು. ತಪ್ಪು ಸರಿಮಾಡಿ ಆಯಿತಲ್ಲ. ಯಾರಿಗೇನು ನಷ್ಟ? ಒಂದು ಗೋಡೆ ಏಳುತ್ತದೆ, ಏಳಲಿ. ಜಗತ್ತಿನಲ್ಲಿ ಕೆಲಸಕ್ಕೆ ಬಾರದ ಗೋಡೆಗಳು ಬೇಕಾದಷ್ಟಿವೆ. ಹದಿನಾಲ್ಕು ತಿಂಗಳು ಬಾಯಿಗೆ ಬೀಗ ಹಾಕಿಕೊಂಡರೆ ಮೊದಲ ಪುಟದ ಸಾಲು ಹಾಗೇ ಉಳಿಯುತ್ತದೆ. ಹೀಗೆ ಅಂದುಕೊಂಡು ಅವಳು ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದಳು.

"ಏನಾಗಿದೆ ನಿನಗೆ?" ಎಂದರು ಅತ್ತೆ, ಒಂದು ಗುಟುಕು ಕುಡಿದು.

"ಏನಿಲ್ಲ ಅತ್ತೆ."

ಅತ್ತೆ ಎದ್ದು ಹೋಗಿ ಗ್ಯಾಸ್ ನೋಡಿ ಬಂದರು. ಅವಳಿಗೆ ಮೈಯೆಲ್ಲ ಉರಿಯಿತು. ಉರಿದದ್ದು ಅತ್ತೆಯ ಮೇಲಿನ ಸಿಟ್ಟಿಗಲ್ಲ ಎಂದು ಅವಳಿಗೂ ಗೊತ್ತಿತ್ತು.

ಗುರುವಾರ ಸಮಿತಿ ಬಂತು. ನಾಲ್ಕು ಜನ, ಅವರಲ್ಲಿ ಮೂವರು ಬಂದ ತಕ್ಷಣ ಫ್ಯಾನಿನ ಕೆಳಗೆ ಕೂತರು. ಅಧ್ಯಕ್ಷರು ಸಣಕಲು ಮುದುಕರು, ತಮ್ಮ ಊಟದ ಡಬ್ಬಿಯನ್ನು ತಾವೇ ಹಿಡಿದು ತಂದಿದ್ದರು. ಅವರು ಕೂತದ್ದು ಕಿಟಕಿಯ ಬಳಿ. ವರದಿಯನ್ನು ನಿಜವಾಗಿಯೂ ಓದಿಕೊಂಡು ಬಂದಿದ್ದರು; ಆ ಕೊಠಡಿಯಲ್ಲಿ ಅಂಥದ್ದು ಹಿಂದೆ ಆಗಿರಲಿಲ್ಲ.

ಹನ್ನೆರಡು ಗಂಟೆಗೆ ಪುಟ್ಟ ವಿಮಾನ ಏರಿತು. ಕಿರಣ ಹೊರಟಿತು. ಹತ್ತು ಸೆಕೆಂಡ್ ಆಯಿತು. ಹನ್ನೆರಡಾಯಿತು. ಹದಿನಾಲ್ಕಕ್ಕೆ ಪೈಲಟ್ ಉಸಿರು ಬಿಟ್ಟ. ಫ್ಯಾನಿನ ಕೆಳಗಿನ ಮೂವರೂ ಚಪ್ಪಾಳೆ ತಟ್ಟಿದರು.

ಅಧ್ಯಕ್ಷರು ಪರದೆ ನೋಡಿದರು, ವರದಿ ನೋಡಿದರು, ಕಿಟಕಿಯಾಚೆ ನೋಡಿದರು.

"ಒಂಬತ್ತು ತಿಂಗಳಿಂದ ಚುಕ್ಕೆಗಳು ಅಡ್ಡಕ್ಕೆ ಹರಡ್ತಿದ್ವು ಅಂತ ಬರೆದಿದೀರಿ. ಇವತ್ತು ದುಂಡಗಿವೆ."

"ಹೌದು ಸಾರ್. ಇವತ್ತು ಅಡ್ಡಗಾಳಿ ಇಲ್ಲ" ಎಂದಳು ಡಾಕ್ಟ್ರಮ್ಮ ನಗುತ್ತಾ.

"ಇಲ್ವಾ?" ಅಧ್ಯಕ್ಷರು ಕಿಟಕಿಯ ಕಡೆಗೆ ಗದ್ದದಿಂದ ತೋರಿಸಿದರು. ಹೊರಗೆ ಕಂಬದ ತುದಿಯಲ್ಲಿ ಗಾಳಿಚೀಲ ಕೋಲಿನ ಹಾಗೆ ನೆಟ್ಟಗೆ ಅಡ್ಡ ಚಾಚಿಕೊಂಡು ಪಟಪಟ ಹೊಡೆದುಕೊಳ್ಳುತ್ತಿತ್ತು. ಕಂಬವೇ ಕಿತ್ತು ಬರುವಂಥ ಗಾಳಿ. "ಗಾಳಿ ಇಲ್ಲದ ಬೆಳಗ್ಗೆ ನಿಮ್ಮ ಕಿರಣ ಅಡ್ಡ ಓಲಾಡುತ್ತೆ. ಗಾಳಿ ಹೀಗೆ ಬೀಸೋವಾಗ ಓಲಾಡಲ್ಲ. ಇದು ಯಾವ ಜಾತಿ ಅಡ್ಡಗಾಳಿನಮ್ಮ? ಇದಕ್ಕೆ ಇನ್ನೂರು ಅಡಿ ಗೋಡೆ ಬೇರೆ ಕೇಳಿದೀರಿ."

ಡಾಕ್ಟ್ರಮ್ಮನ ಕೈ ಮೇಜಿನ ಮೇಲಿದ್ದ ವರದಿಯನ್ನು ಹುಡುಕಿ, ನಾಲ್ಕನೇ ಅಧ್ಯಾಯ ತೆರೆದು, ಸುಮ್ಮನೆ ಪುಟ ತಿರುಗಿಸತೊಡಗಿತು. ಕೆನ್ನೆ ಕೆಂಪಾಗಿ ಕಿವಿಯ ತನಕ ಏರಿತು. ಹದಿಮೂರು ವರ್ಷದ ಹಿಂದೆ ಕೈ ಮೇಲೆ ಏಟು ಬಿದ್ದಾಗಲೂ ಹೀಗೇ ಕೆಂಪಾಗಿತ್ತು. ಫ್ಯಾನಿನ ಕೆಳಗಿನವರಲ್ಲಿ ಒಬ್ಬ ಕಿಸಕ್ಕೆಂದ.

ಆ ನಗು ಕೇಳಿದ್ದೇ ತಡ, ಅಕ್ಕನಿಗೆ ಮೊದಲ ಪುಟವೂ ನೆನಪಾಗಲಿಲ್ಲ, ಹದಿನಾಲ್ಕು ತಿಂಗಳೂ ನೆನಪಾಗಲಿಲ್ಲ. ಎದ್ದು ನಿಂತಾಗಿತ್ತು.

"ಅಡ್ಡಗಾಳಿ ಅನ್ನೋದೇ ಇರಲಿಲ್ಲ ಸಾರ್. ನಾನು ತಂತಿ ಉಲ್ಟಾ ಹಾಕಿದ್ದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಕನ್ನಡಿಲಿ ನೋಡ್ಕೊಂಡು ಹಾಕಿದ್ದೆ."

"ಎಷ್ಟು ದಿನದಿಂದ?"

"ಒಂಬತ್ತು ತಿಂಗಳು."

"ದಿನಾ?"

"ಭಾನುವಾರ ರಜೆ ಸಾರ್."

"ಯಾವಾಗ ಸರಿ ಮಾಡಿದ್ರಿ?"

"ಸೋಮವಾರ, ಊಟದ ಹೊತ್ತಲ್ಲಿ. ಯಾರಿಗೂ ಹೇಳಲಿಲ್ಲ. ಇವರಿಗೂ."

ಅಧ್ಯಕ್ಷರು ದಪ್ಪ ಪುಸ್ತಕ ತರಿಸಿಕೊಂಡು, ಒಂಬತ್ತು ತಿಂಗಳ ಹಿಂದಿನ ಪುಟ ತೆರೆದು ಕನ್ನಡಕ ಏರಿಸಿದರು. "ಮಾಡಿದವರು ಯಾರು?"

"ನಾನು."

"ನೋಡಿದವರು?"

"ನಾನೇ."

"ಎರಡೂ ಒಂದೇ ಸಹಿ."

"ಪೆನ್ನು ಬೇರೆ ಸಾರ್" ಎಂದಳು ಅಕ್ಕ. ಈ ಮಾತು ಬಾಯಿಂದ ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಯಾರೂ ನಗಲಿಲ್ಲ.

ಅಧ್ಯಕ್ಷರು ಮೊದಲ ಪುಟಕ್ಕೆ ಹೋಗಿ ಆ ಸಾಲನ್ನೂ ಓದಿದರು. ಅದನ್ನು ಬರೆದವರು ಅವರಿಗೆ ಗೊತ್ತಿದ್ದರೆಂದು ಕಾಣುತ್ತದೆ, ಸ್ವಲ್ಪ ಹೊತ್ತು ಬೆರಳನ್ನು ಅಲ್ಲೇ ಇಟ್ಟಿದ್ದರು. ಆಮೇಲೆ ಪುಸ್ತಕ ಮುಚ್ಚಿ, ಊಟದ ಡಬ್ಬಿ ಬಿಚ್ಚಿ, ಅಲ್ಲೇ ಕೂತು ಉಂಡು, ಕೈ ತೊಳೆದು ತೀರ್ಪು ಹೇಳಿದರು. ಕಿರಣ ನಿಂತಿದೆ, ಆದ್ದರಿಂದ ವಿಭಾಗ ಮುಂದುವರಿಯುತ್ತದೆ. ನಾಲ್ಕನೇ ಅಧ್ಯಾಯ ತೆಗೆಯಬೇಕು. ಗೋಡೆ ಇಲ್ಲ. ಇನ್ನು ಮುಂದೆ ಯಾರ ಕೆಲಸವೇ ಆಗಲಿ, ಎರಡು ಕೈಯ ಎರಡು ಸಹಿ. "ಯಾರದೇ ಆಗಲಿ" ಎಂದು ಇನ್ನೊಮ್ಮೆ ಹೇಳಿದರು, ಅಕ್ಕನ ಕಡೆ ನೋಡದೆ. ನೋಡದೆ ಹೇಳಿದ್ದು ಅವರ ದೊಡ್ಡತನ, ಆದರೆ ಅವಳಿಗೆ ಅದೇ ಹೆಚ್ಚು ಚುಚ್ಚಿತು.

ಎಲ್ಲರೂ ಹೋದ ಮೇಲೆ ಅಕ್ಕ ಮೊದಲ ಪುಟ ತೆರೆದು, ಆ ಸಾಲಿನ ಮೇಲೆ ನೀಲಿ ಪೆನ್ನಿನಿಂದ ಒಂದು ಗೀಟು ಎಳೆದಳು. ಯಾರೂ ಎಳೆ ಅಂದಿರಲಿಲ್ಲ. ಕಪ್ಪು ಪೆನ್ನನ್ನು ಮೇಜಿನ ಪೆನ್ನಿನ ಡಬ್ಬಿಗೆ ಹಾಕಿ ಬಚ್ಚಲಿಗೆ ಹೋಗಿ ಮನಸೋ ಇಚ್ಛೆ ಅತ್ತಳು.

ಡಾಕ್ಟ್ರಮ್ಮ ಮುಖ ಊದಿಸಿಕೊಂಡಳು. ಮೂವತ್ತೆರಡು ಪುಟ ಎಂದರೆ ಹುಡುಗಾಟವೇ? ಶುಕ್ರವಾರ ಅವಳು "ಆ ಸ್ಪ್ಯಾನರ್ ಕೊಡಿ ಮೇಡಂ" ಎಂದಳು. ಹದಿಮೂರು ವರ್ಷದಲ್ಲಿ ಮೊದಲ ಸಲ ಮೇಡಂ. ಅಕ್ಕ ಸ್ಪ್ಯಾನರ್ ಕೊಟ್ಟಳು. ಇದಕ್ಕಿಂತ ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಪೈಲಟ್ ಇಬ್ಬರ ನಡುವೆ ಚಹಾ ಲೋಟ ಹಿಡಿದುಕೊಂಡು ಓಡಾಡಿದ, ಈ ಸಲ ಸರಿಯಾದ ಪ್ಲಗ್ಗಿನ ಚಹಾ.

ಶನಿವಾರ ಕನ್ನಡಿಗೆ ಇನ್ನೊಂದು ತಂತಿ ಸೇರಿಸಬೇಕಿತ್ತು. ಅಕ್ಕ ಸೇರಿಸಿ, ನೀಲಿ ಪೆನ್ನಲ್ಲಿ ಸಹಿ ಹಾಕಿ, ಪುಸ್ತಕವನ್ನು ಡಾಕ್ಟ್ರಮ್ಮನ ಮುಂದೆ ಸರಿಸಿದಳು. "ನೋಡಿ" ಎಂದಳು. ಡಾಕ್ಟ್ರಮ್ಮ ಪೆನ್ನು ಕೈಗೆ ತೆಗೆದುಕೊಂಡಳು. ಹಾಗೇ ಸಹಿ ಹಾಕಿಬಿಡುತ್ತಾಳೇನೋ ಎಂದುಕೊಂಡಳು ಅಕ್ಕ. ಹಾಕಿಬಿಡಲಿ ಎಂದು ಹಾಳು ಮನಸ್ಸು ಆಸೆಯನ್ನೂ ಪಟ್ಟಿತು. ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟು, ಟಾರ್ಚ್ ತೆಗೆದುಕೊಂಡು, ಪೆಟ್ಟಿಗೆಗೂ ಗೋಡೆಗೂ ನಡುವಿನ ಆ ಗೇಣು ಜಾಗಕ್ಕೆ ತಲೆಯನ್ನೇ ತೂರಿಸಿದಳು. ಪುಟ್ಟ ಕನ್ನಡಿ ಮುಟ್ಟಲಿಲ್ಲ. ನಲವತ್ತು ನಿಮಿಷ. ಒಂದೊಂದೇ ತಂತಿಯ ನಂಬರನ್ನು ಗಟ್ಟಿಯಾಗಿ ಓದಿದಳು, ಒಂದೊಂದನ್ನೂ ಎಳೆದು ನೋಡಿದಳು. ಅಕ್ಕ ನಕ್ಷೆ ಹಿಡಿದು ಪಕ್ಕದಲ್ಲಿ ನಿಂತು, ಹೂಂ, ಹೂಂ ಎಂದಳು. ತನ್ನ ಕೆಲಸವನ್ನು ಇನ್ನೊಬ್ಬರು ಇಷ್ಟು ಹತ್ತಿರದಿಂದ ನೋಡಿ ಎಷ್ಟು ವರ್ಷವಾಗಿತ್ತೋ. ಅವಮಾನ ಆಗುತ್ತದೆ ಎಂದು ಅವಳು ಕಾದೇ ಕಾದಳು. ಆಗಲಿಲ್ಲ.

ಡಾಕ್ಟ್ರಮ್ಮ ಹೊರಗೆ ತಲೆ ತೆಗೆದಾಗ ಕೂದಲ ತುಂಬ ಜೇಡರ ಬಲೆ.

"ಆರನೇ ತಿರುಪು ಸಡಿಲ ಇತ್ತು ಅಕ್ಕಾ. ಬಿಗಿ ಮಾಡಿದೆ."

"ಇತ್ತಾ?"

"ಅರ್ಧ ಸುತ್ತು."

ಸಹಿ ಹಾಕಿದಳು. ಮೇಜಿನ ಮೇಲಿದ್ದ ಮಾದರಿ ಇಟ್ಟಿಗೆಗಳಲ್ಲಿ ಒಂದನ್ನು ಎತ್ತಿ, ಗಾಳಿಗೆ ಪುಟ ಹಾರದಂತೆ ಪುಸ್ತಕದ ಮೇಲಿಟ್ಟಳು. ಇಟ್ಟು, ತಾನೇ ಅದನ್ನು ನೋಡಿ, ತಡೆಯಲಾರದೆ ನಕ್ಕಳು. ಅಕ್ಕನೂ ನಕ್ಕಳು. ಪೈಲಟ್ ಯಾಕೆಂದು ಕೇಳದೆ ಜೊತೆಗೆ ನಕ್ಕ.

ಭಾನುವಾರ ಒಗೆದ ಬಟ್ಟೆ ಮಡಿಸುತ್ತಾ ಅವಳು ಅತ್ತೆಗೆ ಎಲ್ಲ ಹೇಳಿದಳು. ಮೂರನೇ ತಂತಿ, ನಾಲ್ಕನೇ ತಂತಿ, ಹಲ್ಲಿನ ಕನ್ನಡಿ, ಎರಡು ಪೆನ್ನು, ಬಚ್ಚಲಲ್ಲಿ ಅತ್ತದ್ದು. ಅತ್ತೆ ಮಗನ ಅಂಗಿಯೊಂದನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

ಸೋಮವಾರ ಬೆಳಿಗ್ಗೆ ಅವಳು ಗ್ಯಾಸ್ ಆರಿಸಿ ಬಂದು ಬೂಟಿನ ದಾರ ಕಟ್ಟಿಕೊಂಡಳು. ಒಂದು ಕಾಲಿನದು ಮುಗಿಯಿತು. ಎರಡನೆಯದೂ ಮುಗಿಯಿತು. ಅತ್ತೆ ಕುರ್ಚಿಯಿಂದ ಏಳಲಿಲ್ಲ. ಕೈಗಳನ್ನು ಮಡಿಲಲ್ಲಿ ಭದ್ರವಾಗಿ ಒಂದರೊಳಗೊಂದು ಹಿಡಿದುಕೊಂಡಿದ್ದರು, ಬಿಟ್ಟರೆ ಅವೇ ಎದ್ದು ಅಡುಗೆಮನೆಗೆ ಹೋಗಿಬಿಡುತ್ತವೆ ಎನ್ನುವ ಹಾಗೆ.

"ಅತ್ತೆ, ಗ್ಯಾಸ್ ನೋಡಲಿಲ್ಲ ನೀವು."

"ಬೇಡ ಬಿಡು. ನೀನು ಆರ್ಸಿದೀಯಲ್ಲ, ಸಾಕು."

ಇಪ್ಪತ್ತೇಳು ವರ್ಷ ಯಾವ ಮಾತಿಗೆ ಅವಳು ಕಾದಿದ್ದಳೋ ಅದೇ ಮಾತು. ಕನಿಕರದಿಂದ ಹೇಳಿದ್ದು, ಸೊಸೆಯ ಮನಸ್ಸು ಇನ್ನಷ್ಟು ನೋಯಬಾರದು ಎಂದು ಹೇಳಿದ್ದು.

"ಇಲ್ಲ ಅತ್ತೆ. ನೋಡಿ. ನೀವು ನೋಡಿದ್ರೇನೇ ನನಗೆ ಸಮಾಧಾನ."

ಅತ್ತೆ ಅವಳ ಮುಖವನ್ನೇ ನೋಡಿದರು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋದರು. ನಾಬ್ ಒತ್ತಿ ತಿರುಗಿಸಿದ ಸದ್ದು ಕೇಳಿಸಿತು. ರೆಗ್ಯುಲೇಟರಿನ ಮೇಲೆ ಕೈಬಳೆ ತಾಗಿದ ಸದ್ದು ಕೇಳಿಸಿತು. ವಾಸನೆ ನೋಡುವಷ್ಟು ಹೊತ್ತು ಸುಮ್ಮನಿತ್ತು. ಅಕ್ಕ ಬಾಗಿಲ ಬಳಿ ನಿಂತು ಕಾದಳು, ಬಸ್ಸು ತಪ್ಪಿದರೂ ತಪ್ಪಲಿ ಎಂದು.

ಅತ್ತೆ ಹೊರಗೆ ಬಂದರು. ಕುರ್ಚಿಯಲ್ಲಿ ಕೂರುವ ಮುಂಚೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಸರಿಯಾಗಿದೆ, ಹೋಗಿ ಬಾ" ಅಂದರು.